ಬ್ರೇಕ್ ಪೆಡಲ್ ಕೆಳಗಿಳಿದಾಗ

ಬ್ರೇಕ್ ಒತ್ತಿದರೆ ಪೆಡಲ್ ಅರ್ಧದಾರಿ ಸುಮ್ಮನೆ ಇಳಿದು, ಆಮೇಲಷ್ಟೇ ಕಾರು ಹಿಡಿತಕ್ಕೆ ಬರುತ್ತದೆ. ಕೂಡಲೇ ಇನ್ನೊಮ್ಮೆ ಒತ್ತಿದರೆ ಮೇಲೆಯೇ ಗಟ್ಟಿಯಾಗಿ ಸಿಗುತ್ತದೆ. ಇಷ್ಟು ಹೇಳಿದರೆ ಸಾಕು, ಪಳಗಿದ ಮೆಕ್ಯಾನಿಕ್ ನೇರವಾಗಿ ಹಿಂದಿನ ಚಕ್ರಗಳ ಬಳಿ ಹೋಗುತ್ತಾರೆ.

ಆಲ್ಟೊದಂಥ ಸಣ್ಣ ಕಾರುಗಳಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್. ಫ್ರಾನ್ಸಿನ ಲೂಯಿ ರೆನೋ 1902ರಲ್ಲಿ ರೂಪಿಸಿದ ಡ್ರಮ್ ಬ್ರೇಕಿನ ತತ್ವವೇ ಇಂದಿಗೂ ನಡೆಯುತ್ತಿದೆ. ಡ್ರಮ್ಮಿನೊಳಗೆ ಬಿಲ್ಲಿನಂತೆ ಬಾಗಿದ ಎರಡು ಶೂಗಳಿವೆ. ಪೆಡಲ್ ಒತ್ತಿದಾಗ ವೀಲ್ ಸಿಲಿಂಡರಿನ ಪಿಸ್ಟನ್‌ಗಳು ಅವನ್ನು ಹೊರಕ್ಕೆ ತಳ್ಳಿ ಡ್ರಮ್ಮಿಗೆ ಅದುಮುತ್ತವೆ. ಶೂಗಳ ಮೇಲಿನ ಲೈನರ್ ಸವೆದಂತೆ ಅದಕ್ಕೂ ಡ್ರಮ್ಮಿಗೂ ನಡುವಿನ ಸಂದು ದೊಡ್ಡದಾಗುತ್ತದೆ. ಅದನ್ನು ದಾಟುವುದಕ್ಕೇ ಹೆಚ್ಚು ಬ್ರೇಕ್ ಆಯಿಲ್ ಹರಿಯಬೇಕು. ಪೆಡಲ್ ಸನ್ನೆಗೋಲಾದ್ದರಿಂದ ಅಲ್ಲಿನ ಕೂದಲೆಳೆಯಷ್ಟು ಸಂದು ಪಾದದಡಿಯಲ್ಲಿ ಹಲವು ಪಟ್ಟಾಗುತ್ತದೆ.

ಈಗಿನ ಬಹುತೇಕ ಕಾರುಗಳಲ್ಲಿ ಸಂದನ್ನು ತಾನಾಗಿಯೇ ಸರಿಪಡಿಸುವ ಅಡ್ಜಸ್ಟರ್ ಇರುತ್ತದೆ. ಧೂಳು, ತುಕ್ಕು ಹಿಡಿದರೆ ಅದರ ಹಲ್ಲುಚಕ್ರ ಕಚ್ಚಿಕೊಳ್ಳುತ್ತದೆ. ಆಗ ಹಲವರು ಹ್ಯಾಂಡ್‌ಬ್ರೇಕ್ ಕೇಬಲನ್ನೇ ಬಿಗಿ ಮಾಡಿಸುತ್ತಾರೆ.

ಅದು ತಪ್ಪು. ಕೇಬಲ್ ಎಳೆದೇ ಇದ್ದರೆ ಶೂಗಳು ತಮ್ಮ ಜಾಗಕ್ಕೆ ಮರಳುವುದಿಲ್ಲ, ಅಡ್ಜಸ್ಟರ್ ಕೂಡ ಕೆಲಸ ಮಾಡುವುದಿಲ್ಲ.

ಸಂದನ್ನು ಸರಿಪಡಿಸಲು ಮೊದಲು ಸಮತಟ್ಟಾದ ನೆಲದಲ್ಲಿ ಮುಂದಿನ ಚಕ್ರಗಳಿಗೆ ಅಡೆ ಕೊಟ್ಟು, ಹಿಂಭಾಗವನ್ನು ಜಾಕಿಯಿಂದ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಹ್ಯಾಂಡ್‌ಬ್ರೇಕ್ ಇಳಿಸಿ ಕೇಬಲ್ ಸಡಿಲಿಸಬೇಕು. ಕೈಯಿಂದ ಹೊಂದಿಸಲು ಅವಕಾಶವಿರುವ ಕಾರಿನಲ್ಲಿ, ಡ್ರಮ್ಮಿನ ಹಿಂದಿನ ತಗಡಿನಲ್ಲಿರುವ ರಬ್ಬರ್ ಬಿರಡೆ ತೆಗೆದರೆ ಹಲ್ಲುಚಕ್ರ ಕಾಣುತ್ತದೆ. ಸ್ಕ್ರೂಡ್ರೈವರಿನಿಂದ ಅದನ್ನು ಒಂದೊಂದೇ ಹಲ್ಲು ತಿರುಗಿಸುತ್ತ, ಚಕ್ರ ಬಿಗಿಯುವವರೆಗೆ ಹೋಗಬೇಕು. ಎರಡು ಮೂರು ಸಲ ಪೆಡಲ್ ಒತ್ತಿದರೆ ಶೂಗಳು ನಡುವಿಗೆ ಕೂರುತ್ತವೆ. ಬಳಿಕ ಚಕ್ರ ಸಲೀಸಾಗಿ ತಿರುಗಿ, ಲೈನರ್ ಸವರುವ ಸಣ್ಣ ಸದ್ದಷ್ಟೇ ಕೇಳುವಂತೆ ಸಡಿಲಿಸಬೇಕು. ಎರಡೂ ಬದಿ ಒಂದೇ ಸಮ ಇರಬೇಕು. ಕೇಬಲ್ ಬಿಗಿಯುವುದು ಕೊನೆಗೆ. ಹೆಚ್ಚು ಬಿಗಿದರೆ ಶೂ ಉಜ್ಜುತ್ತಲೇ ಇದ್ದು ಡ್ರಮ್ ಕಾಯುತ್ತದೆ.

ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಸೇರಿರಬಹುದು. ಒತ್ತಿ ಹಿಡಿದಂತೆಯೇ ಮೆಲ್ಲಗೆ ಇಳಿಯುತ್ತಿದ್ದರೆ ಸೋರಿಕೆ ಅಥವಾ ಮಾಸ್ಟರ್ ಸಿಲಿಂಡರಿನ ದೋಷ. ಇವಕ್ಕೆ ಅಡ್ಜಸ್ಟರ್ ಮದ್ದಲ್ಲ. ಡ್ರಮ್ ಬಿಚ್ಚುವಾಗ ಒಂದು ಎಚ್ಚರ: ಹಳೆಯ ಲೈನರುಗಳ ಪುಡಿಯಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಪೆಡಲ್ ಇಳಿಯತೊಡಗಿದ ಕಾರನ್ನು ಘಾಟಿ ಇಳಿಸುವ ಮೊದಲು ಡ್ರಮ್ ಬಿಚ್ಚಿಸಿ, ಲೈನರ್ ಎಷ್ಟು ಉಳಿದಿದೆಯೆಂದು ಕಣ್ಣಾರೆ ನೋಡಿಕೊಳ್ಳಿ.