ಊರು ಒಪ್ಪುವವರೆಗೆ ಕಾಯದವರು

ಮಂಗಳೂರಿನ ಪುರಭವನಕ್ಕೆ ಕುದ್ಮುಲ್ ರಂಗರಾಯರ ಹೆಸರಿದೆ. ಅಲ್ಲಿ ನಾಟಕ, ಯಕ್ಷಗಾನ ನೋಡಿ ಬರುವವರಲ್ಲಿ ಎಷ್ಟು ಮಂದಿಗೆ ಆ ಹೆಸರಿನ ಹಿಂದಿನ ಕೆಚ್ಚು ಗೊತ್ತಿದೆಯೋ!

ರಂಗರಾಯರು 1859ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಸ್ವತ ಬ್ರಾಹ್ಮಣರು, ಮಂಗಳೂರಿನಲ್ಲಿ ವಕೀಲರು. ಅಸ್ಪೃಶ್ಯತೆ ತಪ್ಪೆಂದು ಭಾಷಣ ಮಾಡಿ ಮನೆಗೆ ಹೋಗುವುದು ಅಂದೂ ಸುಲಭವೇ ಇತ್ತು. ಅವರು 1892ರಲ್ಲಿ ದಲಿತ ಮಕ್ಕಳಿಗೆ ಶಾಲೆಯನ್ನೇ ತೆರೆದುಬಿಟ್ಟರು. ಹಸಿದ ಹೊಟ್ಟೆಗೆ ಅಕ್ಷರ ಹತ್ತದೆಂದು ಮಧ್ಯಾಹ್ನ ಊಟವನ್ನೂ ಹಾಕಿದರು. ಜಾತಿಯವರು ಬಹಿಷ್ಕಾರ ಹಾಕಿದರು. ಪಾಠ ಹೇಳಲು ಮೇಷ್ಟ್ರು ಸಿಗುವುದೇ ಕಷ್ಟವಾಯಿತು. ಆದರೂ ಶಾಲೆ ಒಂದಿದ್ದದ್ದು ಹಲವಾಯಿತು.

ಕಾಲ ಪಕ್ವವಾಗಲಿ, ಊರು ಒಪ್ಪಲಿ ಎಂದು ಅವರೂ ಕಾಯಬಹುದಿತ್ತು. ಆದರೆ ಮಕ್ಕಳ ಬಾಲ್ಯ ಕಾಯುವುದಿಲ್ಲವಲ್ಲ! ಆರು ವರ್ಷದ ಮಗುವಿಗೆ ಹತ್ತು ವರ್ಷ ತಾಳು ಎನ್ನುವುದೂ, ನೀನು ಓದುವುದೇ ಬೇಡ ಎನ್ನುವುದೂ ಒಂದೇ. ನಮ್ಮ ಹಿಂಜರಿಕೆಗೆ ಬೆಲೆ ತೆರುವವರು ಬಹುತೇಕ ಬೇರೆಯವರು. ಮನೆಗೆಲಸದಾಕೆಗೆಂದು ಬೇರೆ ಲೋಟ ಎತ್ತಿಟ್ಟಿರುವ ಮನೆಗಳು ಇಂದೂ ಇವೆ. ಅದು ತಪ್ಪೆಂದು ಅಲ್ಲಿರುವವರಿಗೆ ಗೊತ್ತು. ಅತ್ತೆ ಏನೆನ್ನುತ್ತಾರೋ, ನೆಂಟರು ಏನೆನ್ನುತ್ತಾರೋ ಎಂದು ದಿನ ತಳ್ಳುತ್ತಾರೆ. ಅಷ್ಟು ದಿನವೂ ಆ ಹೆಣ್ಣುಮಗಳು ಅದೇ ಲೋಟದಲ್ಲಿ ಕಾಫಿ ಕುಡಿಯುತ್ತಾಳೆ.

ರಂಗರಾಯರು ಹೊರಗೆ ಆಡಿದ್ದನ್ನು ಮನೆಯೊಳಗೂ ನಡೆಸಿದರು. ಮಗಳು ರಾಧಾಬಾಯಿ ಜಾತಿಯ ಗೆರೆ ದಾಟಿ ಮದುವೆಯಾದರು. ಮುಂದೆ 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲೂ ಕುಳಿತರು. ತಂದೆ ಅದನ್ನು ಕಾಣಲಿಲ್ಲ. 1928ರಲ್ಲಿ ತೀರಿಕೊಂಡ ಅವರು, ತಮ್ಮ ಶವಸಂಸ್ಕಾರವನ್ನು ದಲಿತರೇ ಮಾಡಬೇಕೆಂದು ಮೊದಲೇ ತಿಳಿಸಿದ್ದರು.