ತಂತಿಯಲ್ಲಿ ತಗ್ಗುವ ಒತ್ತಡ



ಬಸವಕಲ್ಯಾಣ, ಹುಮನಾಬಾದುಗಳ ಕಡೆ ಬೇಸಗೆಯಲ್ಲಿ ಬೆಳೆಗೆ ಬಾವಿಯ ನೀರೇ ಆಸರೆ. ಬಾವಿ ಒಂದೆಡೆ, ವಿದ್ಯುತ್ಕಂಬ ಇನ್ನೊಂದೆಡೆ; ನಡುವೆ ಹೊಲದಷ್ಟು ಅಂತರ. ಆ ಅಂತರವನ್ನು ದಾಟಿಸುವ ತಂತಿಯನ್ನು ಬೆಲೆ ನೋಡಿ ಕೊಳ್ಳುವವರು ಬಹುಮಂದಿ. ಲೆಕ್ಕ ನೋಡಿ ಕೊಳ್ಳುವವರು ವಿರಳ. ಆ ಲೆಕ್ಕವೇನೆಂಬುದನ್ನು ನಾವು ಈಗ ವಿಚಾರಿಸೋಣ.

ಹರಿಯುವ ಪ್ರವಾಹಕ್ಕೆ ತಂತಿಯೇ ತಡೆಯನ್ನೊಡ್ಡುವುದು. ಪ್ರವಾಹವನ್ನು ಈ ತಡೆಯಿಂದ ಗುಣಿಸಿದರೆ ದಾರಿಯಲ್ಲಿ ನಷ್ಟವಾಗುವ ಒತ್ತಡವು ದೊರೆಯುವುದು. ಜರ್ಮನಿಯ ಓಮ್ ಎಂಬ ವಿದ್ವಾಂಸನು 1827ರಲ್ಲಿ ಪ್ರಕಟಿಸಿದ ನಿಯಮವಿದು. ತಂತಿ ನೀಳವಾದಷ್ಟೂ ತಡೆ ಹೆಚ್ಚು; ದಪ್ಪವಾದಷ್ಟೂ ಕಡಿಮೆ.

ಮೀಟರಿನಿಂದ ಬಾವಿಗೆ 150 ಮೀಟರು ದೂರವೆನ್ನೋಣ. ಪ್ರವಾಹವು ಹೋಗಿ ಮರಳಬೇಕಾದುದರಿಂದ ತಂತಿಯ ದಾರಿ 300 ಮೀಟರು. ಇದನ್ನು ಮರೆತರೆ ನಷ್ಟವು ಅರ್ಧವೆಂದೇ ತೋರುವುದು. 4 ಚದರ ಮಿಲಿಮೀಟರಿನ ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು 4.3 ಓಮ್ ತಡೆ. ನಮ್ಮ ದಾರಿಗೆ 1.29 ಓಮ್. ಒಂದೂವರೆ ಅಶ್ವಶಕ್ತಿಯ ಸಿಂಗಲ್ ಫೇಸ್ ಮೋಟಾರು 10 ಆಂಪಿಯರ್ ಎಳೆದರೆ ನಷ್ಟವು 12.9 ವೋಲ್ಟು. 230 ವೋಲ್ಟಿನಲ್ಲಿ ಇದು ಶೇಕಡ 5.6. ಶೇಕಡ 5ರೊಳಗಿರಲೆಂಬುದು ವಾಡಿಕೆಯ ಮಿತಿ. ಅದೇ ದಪ್ಪದ ಅಲ್ಯೂಮಿನಿಯಂ ಆದರೆ ನಷ್ಟ ಸುಮಾರು 21 ವೋಲ್ಟು. 10 ಚದರ ಮಿಲಿಮೀಟರಿನ ತಾಮ್ರವಾದರೆ ಸುಮಾರು 5 ವೋಲ್ಟು ಮಾತ್ರ.

ಹನ್ನೆರಡು ವೋಲ್ಟು ಹೋದರೇನಾಯಿತೆಂದು ತಾವು ಕೇಳಬಹುದು. ಮೋಟಾರಿನ ತಿರುಚುಬಲವು ಒತ್ತಡದ ವರ್ಗವನ್ನು ಅನುಸರಿಸುವುದು. ಒತ್ತಡದಲ್ಲಿ ಹತ್ತರಲ್ಲೊಂದು ಪಾಲು ಇಳಿದರೆ ಬಲವು ನೂರರಿಂದ 81ಕ್ಕೆ ಇಳಿಯುವುದು. ಮೇಲಾಗಿ ಹೊರಡುವ ಕ್ಷಣದಲ್ಲಿ ಮೋಟಾರು ಹಲವು ಪಟ್ಟು ಪ್ರವಾಹವನ್ನು ಬೇಡುವುದು. 50 ಆಂಪಿಯರ್ ಹರಿದರೆ ನಷ್ಟವು 64 ವೋಲ್ಟನ್ನು ಮೀರುವುದು. ಆಗ ಮೋಟಾರು ತಿರುಗದೆ ಗುಂಯ್‌ಗುಟ್ಟುತ್ತ ನಿಂತು, ಅದರ ಸುರುಳಿಯು ಕಾದು ಸುಟ್ಟುಹೋಗುವ ಭಯವುಂಟು. ಮೋಟಾರಿಗೆ ಶಕ್ತಿ ಸಾಲದೆಂದು ಬಗೆದು ದೊಡ್ಡದನ್ನು ತಂದರೆ ಪ್ರವಾಹ ಹೆಚ್ಚಿ, ನಷ್ಟವೂ ಹೆಚ್ಚುವುದು; ರೋಗವೊಂದಾದರೆ ಮದ್ದೊಂದಾದಂತೆ!

ಹಾಗಾದರೆ ದೋಷವು ನಮ್ಮ ತಂತಿಯದೋ, ಹೊರಗಿನ ಸರಬರಾಜಿನದೋ? ಮೋಟಾರು ಓಡುತ್ತಿರುವಾಗಲೇ, ಕೆಲಸ ಬಲ್ಲವರಿಂದ, ಮೀಟರಿನ ಬಳಿಯೂ ಬಾವಿಯ ಬಳಿಯೂ ಒತ್ತಡವನ್ನು ಅಳೆಯಿಸಬೇಕು. ಮೀಟರಿನಲ್ಲಿಯೇ ಒತ್ತಡ ಕಡಿಮೆಯಿದ್ದರೆ ಬೀದರ ಜಿಲ್ಲೆಗೆ ವಿದ್ಯುತ್ತನ್ನು ಹಂಚುವ ಜೆಸ್ಕಾಂ ಕಚೇರಿಗೆ ದೂರು ಕೊಡುವುದು ಯುಕ್ತ. ಅಲ್ಲಿ ಸರಿಯಿದ್ದು ಬಾವಿಯಲ್ಲಿ ಕುಸಿದಿದ್ದರೆ ದೋಷ ನಮ್ಮ ತಂತಿಯದು, ಇಲ್ಲವೆ ಸಡಿಲವಾದ ಕೀಲುಗಳದು.

ಒತ್ತಡ ಹೆಚ್ಚಿದಂತೆ ಅದೇ ಶಕ್ತಿಗೆ ಪ್ರವಾಹ ಕಡಿಮೆ ಸಾಕು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಸಾವಿರಾರು ವೋಲ್ಟುಗಳಲ್ಲಿ ಸಾಗಿಸಿದುದು ಈ ತತ್ತ್ವದಿಂದಲೇ. ನಮ್ಮ ಬಾವಿಗೆ ಅಂಥ ಏರ್ಪಾಡು ಸಾಧ್ಯವಿಲ್ಲ. ತಂತಿಯ ದಪ್ಪವೊಂದೇ ನಮ್ಮ ಕೈಯಲ್ಲಿರುವುದು. ಆದುದರಿಂದ ಅಂಗಡಿಗೆ ಹೋಗುವ ಮುನ್ನ ದೂರವನ್ನು ಅಳೆದು, ಇಮ್ಮಡಿಸಿ, ಗುಣಿಸಿ ನೋಡೋಣ. ತಂತಿಗೆ ಕೊಡುವ ಹೆಚ್ಚಿನ ಹಣವು ಒಮ್ಮೆಯ ವೆಚ್ಚ. ಮೋಟಾರು ಸುಟ್ಟು ನಿಂತ ದಿನಗಳಲ್ಲಿ ಒಣಗಿದ ಬೆಳೆಯನ್ನು ಯಾವ ಹಣವೂ ಮರಳಿ ತಾರದು.