ಸೈಕಲ್ಲಿನ ಮೈ, ಸವಾರನ ಕೈ

ಒಂದು ದಿನ ಹತ್ತನೆಯ ತರಗತಿಯಲ್ಲಿ ಕಂದಪದ್ಯವೊಂದಕ್ಕೆ ಪ್ರಸ್ತಾರ ಹಾಕುತ್ತಿದ್ದೆ. ಗುರು ಲಘುಗಳನ್ನು ಗುರುತಿಸಿ ಗಣ ವಿಂಗಡಿಸುವಷ್ಟರಲ್ಲಿ ಕೈಯಲ್ಲಿದ್ದ ಸೀಮೆಸುಣ್ಣ ಜಾರಿ ಬಿತ್ತು. ಎತ್ತಿಕೊಂಡೆ; ಮತ್ತೆ ಬಿತ್ತು. ಹುಡುಗರು ನಕ್ಕರು, ನಾನೂ ನಕ್ಕೆ. ಆದರೆ ಒಳಗೊಳಗೇ ಹೆದರಿದೆ. ಬಲಗೈಯ ಕಿರುಬೆರಳೂ ಅದರ ಪಕ್ಕದ ಉಂಗುರಬೆರಳಿನ ಅರ್ಧಭಾಗವೂ ಕೆಲವು ವಾರಗಳಿಂದ ಜೋಮು ಹಿಡಿದಂತಿದ್ದವು. ಈಗ ಹಿಡಿತವೇ ಸಡಿಲವಾಗಿತ್ತು. ಸೀಮೆಸುಣ್ಣ ಹಿಡಿಯಲಾರದ ಮೇಷ್ಟರ ಪಾಡು ಏನೆಂಬುದನ್ನು ನಾನು ನಿಮಗೆ ಬಿಡಿಸಿ ಹೇಳಬೇಕಾದುದಿಲ್ಲ.

ವೈದ್ಯರಲ್ಲಿಗೆ ಹೋದೆ. ಅವರು ಕೈಯನ್ನು ಮುಟ್ಟಿ, ಬೆರಳುಗಳನ್ನು ಅಗಲಿಸಿ ನೋಡಿ, "ಪಂಡಿತರೇ, ದಿನಾ ಸೈಕಲ್ ತುಳಿಯುತ್ತೀರಾ?" ಎಂದು ಕೇಳಿದರು. ಮನೆಯಿಂದ ಶಾಲೆಗೆ ಹತ್ತು ಕಿಲೋಮೀಟರು. ಹೋಗುತ್ತ ಬರುತ್ತ ಇಪ್ಪತ್ತು. ವರ್ಷಗಟ್ಟಲೆಯಿಂದ ಬಂದ ಅಭ್ಯಾಸ. "ನರ ಒತ್ತಿಕೊಂಡಿದೆ. ಒಂದೋ ಸೈಕಲ್ಲು ಬಿಡಿ, ಇಲ್ಲವೇ ಅದರ ಮೇಲೆ ಕೂಡುವ ರೀತಿಯನ್ನು ಸರಿಮಾಡಿಕೊಳ್ಳಿ. ಹೀಗೆಯೇ ಬಿಟ್ಟರೆ ಕೈಯ ಮಾಂಸಖಂಡ ಕರಗೀತು" ಎಂದರು. ಮನೆಯಾಕೆ ಮೊದಲನೆಯ ಸಲಹೆಯನ್ನು ಹಿಡಿದಳು. ನಾನು ಎರಡನೆಯದನ್ನು ಹಿಡಿದೆ. ಆಮೇಲೆ ನಾನು ಕಲಿತ ಪಾಠವನ್ನು ಈ ಹೊತ್ತು ನಿಮ್ಮ ಮುಂದೆ ಒಪ್ಪಿಸುತ್ತೇನೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸೈಕಲ್ ಅಂಗಡಿ ಇಟ್ಟಿದ್ದಾನೆ. "ಸಾರ್, ಈ ಕಪ್ಪು ಸೈಕಲ್ಲು ಸಾಕು. ಕಾರ್ಬನ್ ಫ್ರೇಮ್ ತಗೊಳ್ಳಿ" ಎಂದ. ನನ್ನ ಕಿವಿಗೆ ಅದು ‘ಕರ್ಬುನ' ಎಂದು ಕೇಳಿಸಿತು. ಹಳಗನ್ನಡದಲ್ಲಿ ಕರ್ಬುನವೆಂದರೆ ಕಬ್ಬಿಣ, ಕರಿದಾದ ಪೊನ್ನು. "ಈಗಿರುವುದೂ ಕರ್ಬುನವೇ ಅಲ್ಲವೇನಯ್ಯ?" ಎಂದೆ. ಅವನು ನಕ್ಕು ಬೆಲೆ ಹೇಳಿದ. ಆಗ ಎರಡು ಪದಗಳಿಗೂ ನಂಟಿಲ್ಲವೆಂಬುದು ಚೆನ್ನಾಗಿ ಮನದಟ್ಟಾಯಿತು! ಕಾರ್ಬನ್ ಎಂಬುದು ಇದ್ದಲೆಂಬ ಅರ್ಥದ ಲ್ಯಾಟಿನ್ ಪದದಿಂದ ಬಂದುದು. ಪದಗಳಿಗೆ ನಂಟಿಲ್ಲದಿದ್ದರೂ ಪದಾರ್ಥಗಳಿಗೆ ಉಂಟು. ನಮ್ಮ ಭದ್ರಾವತಿಯ ಕಾರ್ಖಾನೆಯಲ್ಲಿ 1923ರಲ್ಲಿ ಕಬ್ಬಿಣ ತೆಗೆಯತೊಡಗಿದ್ದು ಮರದ ಇದ್ದಲಿನ ಕುಲುಮೆಯಲ್ಲಿಯೇ.

ಇಂದು ಸೈಕಲ್ಲಿನ ಫ್ರೇಮು ಮುಖ್ಯವಾಗಿ ನಾಲ್ಕು ಬಗೆಯ ಪದಾರ್ಥಗಳಿಂದ ಆಗುತ್ತದೆ: ಉಕ್ಕು, ಅಲ್ಯೂಮಿನಿಯಂ, ಟೈಟೇನಿಯಂ ಮತ್ತು ಕಾರ್ಬನ್ ನಾರು. ಒಂದೊಂದರ ಗುಣದೋಷಗಳನ್ನೂ ತೂಗಿ ನೋಡೋಣ.

ಉಕ್ಕು ನೀರಿಗಿಂತ ಸುಮಾರು 7.8 ಪಟ್ಟು ಭಾರ. ಆದರೆ ಗಟ್ಟಿತನದಲ್ಲಿ ಅದನ್ನು ಮೀರಿಸುವುದು ಸುಲಭವಲ್ಲ. ಆದುದರಿಂದ ಕೊಳವೆಯನ್ನು ಸಣ್ಣದಾಗಿಯೂ ತೆಳುವಾಗಿಯೂ ಮಾಡಬಹುದು. ಕ್ರೋಮಿಯಂ ಮತ್ತು ಮಾಲಿಬ್ಡಿನಂ ಬೆರೆಸಿದ ‘ಕ್ರೋಮೋಲಿ' ಉಕ್ಕಿನ ಫ್ರೇಮು ನಮ್ಮ ಹಳೆಯ ಕಪ್ಪು ಸೈಕಲ್ಲಿನದಕ್ಕಿಂತ ಎಷ್ಟೋ ಹಗುರ. ದೋಷವೆಂದರೆ ತುಕ್ಕು, ಮಲೆನಾಡಿನ ಮಳೆಗಾಲದಲ್ಲಿ ಬಣ್ಣ ಕೆತ್ತಿಹೋದ ಕಡೆ ಗಮನವಿರಬೇಕು. ಗುಣವೆಂದರೆ, ಮುರಿದರೆ ಬಲ್ಲ ಕೆಲಸಗಾರನ ಕೈಯಲ್ಲಿ ಬೆಸೆಯಿಸಬಹುದು.

ಅಲ್ಯೂಮಿನಿಯಂ ಉಕ್ಕಿನ ಮೂರನೆಯ ಒಂದರಷ್ಟು ತೂಕ. ಆದರೆ ಬಾಗದೆ ನಿಲ್ಲುವ ಗುಣವೂ ಮೂರನೆಯ ಒಂದರಷ್ಟೇ! ಈ ಕೊರತೆಯನ್ನು ತುಂಬಲು ಕೊಳವೆಯನ್ನು ದಪ್ಪ ಸುತ್ತಳತೆಯದಾಗಿ ಮಾಡುತ್ತಾರೆ. ಬೆಲೆ ಕಡಿಮೆ, ಕೆಂಪು ತುಕ್ಕಿನ ಕಾಟವಿಲ್ಲ. ಆದರೆ ಸಣ್ಣ ಸಣ್ಣ ಪೆಟ್ಟುಗಳಾದರೂ ವರ್ಷಗಟ್ಟಲೆ ಬಿದ್ದರೆ ಈ ಲೋಹ ದಣಿಯುತ್ತದೆ. ಬಿರುಕು ಕಂಡರೆ ಊರ ಕಮ್ಮಾರಸಾಲೆಯಲ್ಲಿ ಬೆಸುಗೆ ಹಾಕಿಸಬೇಡಿ. ಬೆಸುಗೆಯ ಕಾವಿಗೆ ಅದರ ಹದ ಕೆಟ್ಟು ಬಲ ಕುಗ್ಗುತ್ತದೆ.

ಟೈಟೇನಿಯಂ ತೂಕದಲ್ಲಿ ಇವೆರಡರ ನಡುವಿನದು. ತುಕ್ಕು ಹಿಡಿಯದು, ಬೇಗ ದಣಿಯದು. ಆದರೆ ಅದನ್ನು ಬೆಸೆಯುವಾಗ ಗಾಳಿ ಸೋಕದಂತೆ ಆರ್ಗಾನ್ ಅನಿಲದ ಮರೆ ಬೇಕು. ಕೆಲಸ ನಾಜೂಕು, ಬೆಲೆ ದುಬಾರಿ. ನಮ್ಮಂಥ ಮೇಷ್ಟರುಗಳು ನೋಡಿ ಸಂತೋಷಪಡತಕ್ಕ ವಸ್ತು.

ಇನ್ನು ಕಾರ್ಬನ್. ಇದು ಲೋಹವಲ್ಲ. ಕೂದಲಿಗಿಂತ ನವಿರಾದ ನಾರುಗಳನ್ನು ಪದರ ಪದರವಾಗಿ ಹಾಸಿ, ಅಂಟಿನಲ್ಲಿ ಅದ್ದಿ ಬೇಯಿಸಿದ್ದು. ಎಲ್ಲಕ್ಕಿಂತ ಹಗುರ. ನಾರನ್ನು ಹಾಸುವ ದಿಕ್ಕಿನಿಂದಲೇ ಒಂದು ಕಡೆ ಬಿಗಿಯನ್ನೂ ಇನ್ನೊಂದು ಕಡೆ ಬಳುಕನ್ನೂ ಕೊಡಬಹುದು. ಪಂದ್ಯಗಳಲ್ಲಿ ಸೈಕಲ್ಲು 6.8 ಕಿಲೋಗ್ರಾಂಗಿಂತ ಹಗುರವಿರಕೂಡದೆಂದು ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟವು 2000ದಲ್ಲಿ ನಿಯಮವನ್ನೇ ಜಾರಿಗೆ ತರಬೇಕಾಯಿತು. ಆದರೆ ಕಾರ್ಬನ್ನಿಗೆ ಅಡ್ಡದಿಂದ ಬಲವಾದ ಪೆಟ್ಟು ಬಿದ್ದರೆ ಒಳಗಿನ ಪದರ ಬಿಟ್ಟುಕೊಂಡಿದ್ದರೂ ಹೊರಗೆ ಕಾಣದೆ ಇರಬಹುದು. ಬೋಲ್ಟನ್ನು ಮಿತಿಮೀರಿ ಬಿಗಿದರೂ ಸೀಳೀತು. ರೈಲಿನಲ್ಲಿ, ಬಸ್ಸಿನ ಮೇಲೆ ಹೇರಿಕೊಂಡು ಹೋಗುವವರಿಗೆ ಇದು ಹೇಳಿಸಿದ್ದಲ್ಲ.

ಹಾಗಾದರೆ ಯಾವುದು ಸುಖ? ಇಲ್ಲಿಯೇ ನಾನು ಎಡವಿದ್ದು. ಫ್ರೇಮು ಬದಲಾದರೆ ಕೈನೋವು ಹೋದೀತೆಂದು ಬಗೆದಿದ್ದೆ. ಆದರೆ ಫ್ರೇಮಿನ ರೂಪವನ್ನು ಒಮ್ಮೆ ಗಮನಿಸಿ ನೋಡಿರಿ: ಎರಡು ತ್ರಿಕೋನಗಳನ್ನು ಜೋಡಿಸಿದ ಆಕೃತಿ. ತ್ರಿಕೋನ ಸುಲಭವಾಗಿ ಬಾಗುವುದಿಲ್ಲ. ಯಾವ ಪದಾರ್ಥದಿಂದ ಮಾಡಿದರೂ ಮೇಲಿಂದ ಕೆಳಕ್ಕೆ ಅದು ಕುಗ್ಗುವುದು ಅತ್ಯಲ್ಪ. ಅದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ ಕುಗ್ಗಿ ಏಳುವುದು ಟೈರು. ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರುಗಾಲಿ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರನ್ನು ಸುತ್ತಿ, 1888ರಲ್ಲಿ ಹಕ್ಕುಪತ್ರ ಪಡೆದ. ಸವಾರನ ಸುಖಕ್ಕೆ ಅದಕ್ಕಿಂತ ದೊಡ್ಡ ಉಪಕಾರವನ್ನು ಯಾವ ಲೋಹವೂ ಮಾಡಿಲ್ಲ. ನಮ್ಮ ರಸ್ತೆಗಳಿಗೆ 23 ಮಿಲಿಮೀಟರಿನ ಸಪೂರ ಟೈರು ತಕ್ಕುದಲ್ಲ. 32 ಮಿಲಿಮೀಟರಿನದನ್ನು ಹಾಕಿಸಿ, ಕಲ್ಲಿನಂತಾಗುವವರೆಗೆ ಗಾಳಿ ತುಂಬದೆ, ಅಳತೆಯ ಪಂಪಿನಿಂದ ನಿಮ್ಮ ತೂಕಕ್ಕೆ ತಕ್ಕಷ್ಟು ತುಂಬಿರಿ. ಎಷ್ಟು ಅಗಲದ ಟೈರು ಹಿಡಿಸುತ್ತದೆ ಎಂಬುದನ್ನು ಮಾತ್ರ ಫ್ರೇಮು ಕೊಳ್ಳುವಾಗಲೇ ಕೇಳಿಕೊಳ್ಳಬೇಕು.

ಈಗ ಕೈಯ ವಿಚಾರ. ಮೊಣಕೈ ಬಾಗಿಲಿಗೆ ತಗುಲಿದಾಗ ಕಿರುಬೆರಳಿನವರೆಗೆ ಜುಮ್ಮೆನ್ನುವುದುಂಟಲ್ಲ, ಆ ನರವೇ ಅಂಗೈಯ ಬುಡದಲ್ಲಿ, ಕಿರುಬೆರಳಿನ ಕಡೆ, ಎರಡು ಸಣ್ಣ ಎಲುಬುಗಳ ನಡುವಿನ ಇಕ್ಕಟ್ಟಿನ ದಾರಿಯಲ್ಲಿ ಹಾದುಹೋಗುತ್ತದೆ. ಫ್ರೆಂಚ್ ವೈದ್ಯ ಗುಯೋನ್ 1861ರಲ್ಲಿ ಈ ದಾರಿಯನ್ನು ವರ್ಣಿಸಿದ. ಹ್ಯಾಂಡಲ್ಲಿನ ಮೇಲೆ ಮೈಭಾರವೆಲ್ಲ ಬಿದ್ದರೆ ಒತ್ತುವುದು ಅಲ್ಲಿಯೇ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ ಅದು ಮಣಿಕಟ್ಟಿನ ನಡುವೆ ಹಾಯುವ ಇನ್ನೊಂದು ನರದ ದೂರು.

ಅದಕ್ಕಾಗಿ ಕೈಗವಸು. ಕೈಗವಸೆಂದರೆ ಕೈಯ ಗವಸಣಿಗೆ. ತಂಬೂರಿಗೆ ಗವಸಣಿಗೆ ಹೊಲಿಸುವವರು ತಂಬೂರಿಯ ಅಳತೆ ಕೊಡುತ್ತಾರಲ್ಲವೇ? ನಾನು ಅಳತೆ ನೋಡದೆ, ಮೆತ್ತನೆಯದೇ ಮೇಲೆಂದು, ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದಪ್ಪ ಮೆತ್ತೆಯದನ್ನು ಕೊಂಡೆ. ಜೋಮು ಹೆಚ್ಚಿತು! ದಪ್ಪ ಮೆತ್ತೆ ಅಂಗೈಯ ಗುಳಿಯಲ್ಲಿ ಮುದ್ದೆಗಟ್ಟಿ ನರವನ್ನೇ ಒತ್ತುತ್ತದೆ. ಹಿಡಿ ದಪ್ಪವಾದಂತೆ ಬೆರಳುಗಳೂ ಹೆಚ್ಚು ಬಿಗಿಯುತ್ತವೆ.

ಆದುದರಿಂದ ಹೀಗೆ ಆರಿಸಿಕೊಳ್ಳಿರಿ. ಹೆಬ್ಬೆರಳನ್ನು ಬಿಟ್ಟು, ಬೆರಳುಗಳ ಬುಡದ ಗೆಣ್ಣುಗಳ ಸುತ್ತ ಟೇಪು ಹಿಡಿದು ಅಳೆಯಿರಿ. ತೊಟ್ಟು ಮುಷ್ಟಿ ಕಟ್ಟಿ ನೋಡಿರಿ. ಬೆರಳ ಸಂದು ಬಿಗಿಯಬಾರದು, ಅಂಗೈಯಲ್ಲಿ ನೆರಿಗೆ ಬೀಳಬಾರದು. ಮೆತ್ತೆ ಹದವಾಗಿದ್ದು, ನರದ ದಾರಿಯ ಇಕ್ಕೆಲಗಳಲ್ಲಿ ಭಾರ ಹೊರುವಂತೆ ನಡುವೆ ತಗ್ಗು ಬಿಟ್ಟಿರಲಿ. ಒಳಗಡೆ ಹೊಲಿಗೆ ಉಬ್ಬಿರಬಾರದು. ನಮ್ಮ ಸೆಕೆಗೆ ಅರ್ಧಬೆರಳಿನದು, ಬೆನ್ನಿಗೆ ಗಾಳಿಯಾಡುವ ಬಟ್ಟೆಯದು ಒಳ್ಳೆಯದು. ಹೆಬ್ಬೆರಳಿನ ಮೇಲೆ ಟವಲಿನಂಥ ಬಟ್ಟೆಯಿದ್ದರೆ ಹಣೆಯ ಬೆವರೊರೆಸಲು ಬರುತ್ತದೆ. ಬಿದ್ದಾಗ ಮೊದಲು ನೆಲಕ್ಕೆ ಊರುವುದು ಅಂಗೈಯೇ ಆದ್ದರಿಂದ, ಒಳ್ಳೆಯ ಕೈಗವಸು ಚರ್ಮವನ್ನೂ ಉಳಿಸುತ್ತದೆ. ಸೌಮ್ಯವಾದ ಸೋಪಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸಿರಿ. ಮೆತ್ತೆ ಚಪ್ಪಟೆಯಾದರೆ ಬದಲಾಯಿಸಿರಿ.

ಕೈಗವಸೊಂದೇ ಸಾಲದು. ಸೀಟಿನ ಮೂತಿ ಮುಂದಕ್ಕೆ ಬಾಗಿದ್ದರೆ ಮೈ ಜಾರಿ ಭಾರವೆಲ್ಲ ಕೈಗೆ ಬರುತ್ತದೆ. ಅದನ್ನು ಮಟ್ಟಸ ಮಾಡಿಸಿರಿ. ಹ್ಯಾಂಡಲ್ಲು ತೀರ ದೂರವೂ ತೀರ ತಗ್ಗೂ ಇರಬಾರದು. ಮೊಣಕೈ ತುಸು ಬಾಗಿರಲಿ, ಮಣಿಕಟ್ಟು ನೆಟ್ಟಗಿರಲಿ. ಆಗಾಗ ಹಿಡಿತವನ್ನು ಬದಲಾಯಿಸುತ್ತಿರಿ. ಇಷ್ಟಾದರೂ ಜೋಮು ಉಳಿದರೆ ತಡಮಾಡದೆ ವೈದ್ಯರಿಗೆ ತೋರಿಸಿರಿ.

ಕಡೆಗೆ ನಾನು ಕೊಂಡದ್ದು ಕ್ರೋಮೋಲಿ ಉಕ್ಕಿನ ಸೈಕಲ್ಲು, ಅಗಲವಾದ ಟೈರು, ಸಾಧಾರಣ ಮೆತ್ತೆಯ ಒಂದು ಜೊತೆ ಕೈಗವಸು. ವೈದ್ಯರ ಮಾತಿನಂತೆ ಒಂದು ತಿಂಗಳು ಬಸ್ಸಿನಲ್ಲಿ ಓಡಾಡಿ, ಆಮೇಲೆ ಸವಾರಿ ತೊಡಗಿದೆ. ಬೆರಳಿಗೆ ಚೇತನ ಮರಳಲು ಮತ್ತೆ ಎರಡು ತಿಂಗಳು ಹಿಡಿಯಿತು. ಮೊನ್ನೆ ಅದೇ ತರಗತಿಯಲ್ಲಿ ಕರಿಹಲಗೆಯ ತುಂಬ ಪ್ರಸ್ತಾರ ಹಾಕಿದೆ. ಸೀಮೆಸುಣ್ಣ ಬೀಳಲಿಲ್ಲ. ಗಣ ಮಾತ್ರ ಒಂದು ಕಡೆ ತಪ್ಪಿತ್ತು. ಅದನ್ನು ಹುಡುಗಿಯೊಬ್ಬಳು ಎದ್ದು ನಿಂತು ತಿದ್ದಿದಳು.

ನಾಳೆ ಬೆಳಿಗ್ಗೆ ಸೈಕಲ್ಲನ್ನು ಹೊರಗೆ ತೆಗೆಯುವಾಗ ಟೈರನ್ನು ಒಮ್ಮೆ ಒತ್ತಿ ನೋಡಿರಿ, ಅಂಗೈಯನ್ನೂ ಒಮ್ಮೆ ನೋಡಿಕೊಳ್ಳಿರಿ.